ಸಿಮ್ ಇಲ್ಲದ ಸಿಂಪ್ಯೂಟರ್

ಸಿಂಪ್ಯೂಟರ್ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮವರದು ಎರಡೇ ರಾಗ. ಒಂದು, ‘ಐಫೋನಿಗಿಂತ ಮೊದಲೇ ಬೆಂಗಳೂರಿನಲ್ಲಿ ಮಾಡಿ ತೋರಿಸಿದ್ದೆವು’ ಎನ್ನುವ ಹೆಮ್ಮೆ. ಇನ್ನೊಂದು, ‘ಮಾಡಿದ್ದನ್ನು ಮಾರಲು ಬರಲಿಲ್ಲ’ ಎನ್ನುವ ಕೊರಗು. ಎರಡರಲ್ಲೂ ಆ ಯಂತ್ರ ಕೈಯಲ್ಲಿ ಹಿಡಿದಾಗ ಹೇಗಿತ್ತು ಎಂಬ ಮಾತೇ ಇರುವುದಿಲ್ಲ. ನಾನು ಎಂಟೆಕ್ ಓದುತ್ತಿದ್ದ ವಿಭಾಗದಲ್ಲಿ ಒಂದು ಅಮಿಡಾ ಸಿಂಪ್ಯೂಟರ್ ಇತ್ತು. ಒಂದು ಸೆಮಿಸ್ಟರ್ ಪೂರ್ತಿ ಅದು ನನ್ನ ಮೇಜಿನ ಮೇಲೇ ಇದ್ದುದರಿಂದ ಅದರ ಗುಣದೋಷ ಎರಡನ್ನೂ ಹೇಳುವಷ್ಟು ಪರಿಚಯವಿದೆ. ಈಗ ಇಪ್ಪತ್ತು ವರ್ಷಗಳಾದ ಮೇಲೆ, ನಾಗಪುರದ ಗಾಂಧಿಬಾಗ್‌ನ ಸಗಟು ಬಟ್ಟೆ ಅಂಗಡಿಗಳ ನಡುವೆ ವಾಸ ಮಾಡುತ್ತಾ ಅದನ್ನು ಮತ್ತೆ ತೂಗಿ ನೋಡಬೇಕು ಅನ್ನಿಸಿದೆ.

ಗೊತ್ತಿಲ್ಲದ ಕಿರಿಯರಿಗಾಗಿ ಒಂದಿಷ್ಟು ವಿವರ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮೊದಲಾದವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಸರಳ, ಅಗ್ಗ, ಬಹುಭಾಷಿಕ, ಜನರ ಕಂಪ್ಯೂಟರ್ ಎಂಬ ಅರ್ಥದ ಇಂಗ್ಲಿಷ್ ಮಾತುಗಳನ್ನು ಜೋಡಿಸಿ ಆ ಹೆಸರು ಮಾಡಿದ್ದು. 2001ರಲ್ಲಿ ಮಾದರಿ ಹೊರಬಂತು. ಆ ವರ್ಷದ ಕೊನೆಗೆ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅದನ್ನು ಕೊಂಡಾಡಿದರು. ಆ ಪ್ರಾಧ್ಯಾಪಕರೇ ಕಟ್ಟಿದ ಪಿಕೋಪೀಟಾ ಕಂಪನಿ ಮತ್ತು ಬಿಇಎಲ್ ಸೇರಿ ಅಮಿಡಾ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದದ್ದು 2004ರ ಮಾರ್ಚ್‌ನಲ್ಲಿ. ಕಪ್ಪು-ಬಿಳುಪಿನದಕ್ಕೆ 9,950 ರೂಪಾಯಿ, ಬಣ್ಣದ್ದಕ್ಕೆ 20,000ದ ಹತ್ತಿರ. 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್, ಒಳಗೆ ಲಿನಕ್ಸ್, ಕಡ್ಡಿಯಿಂದ ಒತ್ತುವ ಸ್ಪರ್ಶಪರದೆ.

ಮೊದಲು ಹೊಗಳಬೇಕಾದ್ದನ್ನು ಹೊಗಳುತ್ತೇನೆ. ಅಮಿಡಾದ ಹೊಟ್ಟೆಯಲ್ಲಿ ಚಲನೆಯನ್ನು ಗುರುತಿಸುವ ಸಂವೇದಕ ಇತ್ತು. ಕೈ ಓಲಿಸಿದರೆ ಪುಟ ಮಗುಚುತ್ತಿತ್ತು. ಐಫೋನ್ ಮಾರಾಟಕ್ಕೆ ಬರಲು ಇನ್ನೂ ಮೂರು ವರ್ಷ ಬಾಕಿ ಇತ್ತು. ಹೆಮ್ಮೆಯ ರಾಗದವರು ಹಿಡಿದುಕೊಳ್ಳುವುದು ಇದನ್ನೇ. ನನಗೆ ಮಾತ್ರ ಇದು ಮುಖ್ಯ ಅನ್ನಿಸಿಲ್ಲ, ನೆಂಟರಿಷ್ಟರ ಮುಂದೆ ತೋರಿಸುವ ಚಮತ್ಕಾರ ಅಷ್ಟೆ. ಪರದೆಯ ಮೇಲೆ ಕನ್ನಡದಲ್ಲೇ ಕೈಯಾರೆ ಗೀಚಿ, ಆ ಗೀಚನ್ನೇ ಇಮೇಲ್ ಮಾಡಬಹುದಿತ್ತು. ಅದು ಉಪಯೋಗದ್ದು. ಕೀಲಿಮಣೆಯ ಜಗಳವನ್ನೇ ಬದಿಗಿಟ್ಟ ಜಾಣತನ.

ನಿಜವಾದ ಸಾಧನೆ ‘ಧ್ವನಿ’. ಪಠ್ಯವನ್ನು ಓದಿ ಹೇಳುವ ಈ ತಂತ್ರಾಂಶ ರಮೇಶ್ ಹರಿಹರನ್ ಅವರ ಕೆಲಸ. ಮೊದಲೇ ಧ್ವನಿಮುದ್ರಿಸಿದ ಸಣ್ಣ ಸಣ್ಣ ಉಚ್ಚಾರಣೆಯ ತುಣುಕುಗಳನ್ನು ಅಕ್ಷರಕ್ಕೆ ತಕ್ಕಂತೆ ಪೋಣಿಸಿ ನುಡಿಸುವುದು ಅದರ ವಿಧಾನ. ಇಂಥ ವಿಧಾನಕ್ಕೆ ಕನ್ನಡ ಎಷ್ಟು ಒಗ್ಗುತ್ತದೆ ಎಂಬುದು ನನಗೆ ಚೆನ್ನಾಗಿ ಅರ್ಥವಾದದ್ದು ಇಲ್ಲಿಗೆ ಬಂದ ಮೇಲೆ. ಇಲ್ಲಿನ ಬೋರ್ಡುಗಳಲ್ಲಿ ನಾಗರಿಯಲ್ಲಿ ಗಾಂಧಿಬಾಗ್ ಎಂದು ಬರೆದಾಗ ಕೊನೆಯ ಅಕ್ಷರ ‘ಗ’, ‘ಗ್’ ಅಲ್ಲ. ಓದುವವರು ಕೊನೆಯ ಅಕಾರವನ್ನು ತಾವೇ ನುಂಗುತ್ತಾರೆ. ಎಲ್ಲಿ ನುಂಗಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಹಿಂದಿ, ಮರಾಠಿ ಓದುವ ಯಂತ್ರಕ್ಕೆ ಹೇಳಿಕೊಡಬೇಕು. ಕನ್ನಡದಲ್ಲಿ ಆ ಕಾಟವಿಲ್ಲ, ಬರೆದದ್ದನ್ನೆಲ್ಲ ನುಡಿಯುತ್ತೇವೆ. ಹಾಗಾಗಿ ಅಷ್ಟು ಚಿಕ್ಕ ಚಿಪ್ಪಿನ ಮೇಲೂ ಕನ್ನಡ ಕಿವಿಗೆ ತಿಳಿಯುವಂತೆ ಬರುತ್ತಿತ್ತು. ರಾಗವಿಲ್ಲ, ಉಸಿರಿಲ್ಲ, ಮಗ್ಗಿ ಒಪ್ಪಿಸುವ ಹುಡುಗನ ಧಾಟಿ, ನಿಜ. ಆದರೆ ಓದು ಬಾರದವರಿಗೂ ಯಂತ್ರ ಬೇಕು ಎಂಬುದನ್ನು ವಿನ್ಯಾಸದ ಮೊದಲ ಪುಟದಲ್ಲೇ ಬರೆದುಕೊಂಡಿದ್ದರಿಂದ ಆದ ಕೆಲಸ ಅದು.

ಆಮೇಲೆ ಬಂದ ಜಾಣ ಫೋನುಗಳು ಏನು ಮಾಡಿದವು ನೋಡಿ. 2008ರ ಆಗಸ್ಟ್‌ನಲ್ಲಿ 31,000 ರೂಪಾಯಿ ಬೆಲೆಗೆ ಐಫೋನ್ 3ಜಿ ಭಾರತಕ್ಕೆ ಬಂತು. ಬೆರಳಿಗೆ ಬೆಣ್ಣೆ ಸವರಿದ ಹಾಗೆ ಜಾರುವ ಪರದೆ, ಆದರೆ ಕನ್ನಡದ ಕೀಲಿಮಣೆ ಇಲ್ಲ. ಆಂಡ್ರಾಯ್ಡ್ ತನ್ನಷ್ಟಕ್ಕೆ ಕನ್ನಡವನ್ನು ಸೇರಿಸಿಕೊಂಡಿದ್ದು 2012ರ ಜೆಲ್ಲಿ ಬೀನ್‌ನಲ್ಲಿ. ಅಲ್ಲಿಯವರೆಗೆ ಊರು ಬಿಟ್ಟು ಬಂದ ನಾವು ಕನ್ನಡ ಓದಲು ಪಟ್ಟ ಪಾಡು ನಿಮಗೆ ನೆನಪಿರಬೇಕು. ಒಪೆರಾ ಮಿನಿಯ ಗುಪ್ತ ಸೆಟ್ಟಿಂಗಿಗೆ ಹೋಗಿ ಬಿಟ್‌ಮ್ಯಾಪ್ ಎಂದಿರುವಲ್ಲಿ ‘ಎಸ್’ ಮಾಡಿದರೆ ಅಕ್ಷರಗಳು ಚಿತ್ರಗಳಾಗಿ ಇಳಿದು ಬರುತ್ತಿದ್ದವು. ಇಲ್ಲದಿದ್ದರೆ ಪುಟದ ತುಂಬ ಚೌಕ ಡಬ್ಬಿಗಳು. 2004ರಲ್ಲಿ ಬೆಂಗಳೂರಿನ ಯಂತ್ರ ಗಟ್ಟಿಯಾಗಿ ಓದಿ ಹೇಳುತ್ತಿದ್ದ ಭಾಷೆಗೆ ಜಗತ್ತಿನ ಫೋನಿನೊಳಗೆ ಜಾಗ ಸಿಗಲು ಎಂಟು ವರ್ಷ ಬೇಕಾಯಿತು.

ಇಷ್ಟು ಚೆನ್ನಾಗಿದ್ದರೆ ಸೋತದ್ದೇಕೆ? ವರ್ಷಕ್ಕೆ 50,000 ಮಾರುವ ಗುರಿ ಇಟ್ಟುಕೊಂಡು ಸುಮಾರು 4,000 ಮಾರಾಟವಾದವು ಎಂದು ಆಗಿನ ವರದಿಗಳಿದ್ದವು. ಬೆಲೆ ಜಾಸ್ತಿಯಾಯಿತು ಎಂಬುದು ಸಾಮಾನ್ಯ ಉತ್ತರ. ನಾನು ಒಪ್ಪುವುದಿಲ್ಲ. ನನ್ನ ಪ್ರಕಾರ ಅದರೊಳಗೆ ಸಿಮ್ ಇರಲಿಲ್ಲ, ಅಷ್ಟೇ. ಅಂತರ್ಜಾಲಕ್ಕೆ ಹೋಗಬೇಕೆಂದರೆ ದೂರವಾಣಿಯ ತಂತಿಯನ್ನೋ ಬೇರೊಂದು ಫೋನನ್ನೋ ಜೋಡಿಸಬೇಕಿತ್ತು. ಜೋಡಿಸಲು ಫೋನ್ ಇದ್ದವನಿಗೆ ಇದು ಎರಡನೆಯ ಹೊರೆ, ಇಲ್ಲದವನಿಗೆ ಇದು ಮೂಕ ಪೆಟ್ಟಿಗೆ.

ಪ್ರಾಜೆಕ್ಟ್ ನಡೆಸುವವನ ಕಣ್ಣಿಗೆ ಇದು ಕಾಲದ ಲೆಕ್ಕ ತಪ್ಪಿದ ಕಥೆ. ಬೇಡಿಕೆಗಳ ಪಟ್ಟಿ ಸಿದ್ಧವಾದಾಗ ನಮ್ಮಲ್ಲಿ ಬರುವ ಕರೆಗೂ ದುಡ್ಡು ಕೊಡಬೇಕಿತ್ತು. ಹಳ್ಳಿಯ ಯಂತ್ರದಲ್ಲಿ ಫೋನ್ ಬೇಡ ಎಂಬುದು ಆಗ ಸರಿಯಾದ ತೀರ್ಮಾನವೇ. ಆದರೆ 2003ರಲ್ಲಿ ಬರುವ ಕರೆಗಳು ಪುಕ್ಕಟೆಯಾದವು. ಅದೇ ಮಳೆಗಾಲ ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಫೋನ್ ಕೊಟ್ಟಿತು. ನೋಕಿಯಾ 1100 ಟಾರ್ಚಿನ ಸಮೇತ ಬಂತು. ಅಮಿಡಾ ಹೊರಬರುವ ಹೊತ್ತಿಗೆ ಪಟ್ಟಿಯ ಕೆಳಗಿನ ನೆಲವೇ ಸರಿದಿತ್ತು, ಪಟ್ಟಿ ಮಾತ್ರ ಹಾಗೇ ಇತ್ತು. ಯಂತ್ರ ಊರಿಗೊಂದು, ಸ್ಮಾರ್ಟ್‌ಕಾರ್ಡ್ ಮನುಷ್ಯನಿಗೊಂದು ಎಂಬ ಯೋಜನೆಯೂ ಹೀಗೇ. ಕಾಗದದ ಮೇಲೆ ಸೊಗಸಾಗಿದೆ. ಆದರೆ ಬಡವ ಹಂಚಿಕೊಳ್ಳುತ್ತಾನೆ ಎಂದು ಪಂಡಿತರು ಅಂದುಕೊಂಡಾಗ ಬಡವ ಸಾಲ ಮಾಡಿಯಾದರೂ ತನ್ನದೇ ಒಂದನ್ನು ಕೊಂಡುಬಿಟ್ಟ.

ಇನ್ನು ಕಡ್ಡಿಯಿಂದ ಒತ್ತುವ ಪರದೆ. ಕಡ್ಡಿ ಕಳೆದರೆ ಉಗುರೇ ಗತಿ. ಅದಕ್ಕೆ ಆ ಕಾಲದ ಎಲ್ಲ ಕೈಯಂತ್ರಗಳೂ ಪಾಲುದಾರರಾದ್ದರಿಂದ ಹೆಚ್ಚು ಬೈಯುವಂತಿಲ್ಲ.

ಒಂದೇ ಕೆಲಸಕ್ಕೆ ಇಟ್ಟುಕೊಂಡಲ್ಲಿ ಸಿಂಪ್ಯೂಟರ್ ಬಳಕೆಗೆ ಬಂತು ಎಂಬುದನ್ನೂ ಹೇಳಬೇಕು. ಕರ್ನಾಟಕ ಸರಕಾರದ ಭೂದಾಖಲೆ ಕೆಲಸಕ್ಕೆ, ಮೈಸೂರಿನ ಸಂಘಮಿತ್ರದ ಸಣ್ಣ ಸಾಲದ ಲೆಕ್ಕಕ್ಕೆ, ಗೋವಾದಲ್ಲಿ ಗಣಿಯಿಂದ ಹಡಗಿನವರೆಗೆ ಅದಿರು ಸಾಗುವುದನ್ನು ಗುರುತಿಸಲಿಕ್ಕೆ, ಇಲ್ಲೇ ಪಕ್ಕದ ಛತ್ತೀಸಗಢದ ಶಾಲಾ ಯೋಜನೆಗೆ ಅದನ್ನು ಬಳಸಿದರು. ಎಲ್ಲ ಕೆಲಸ ಮಾಡುತ್ತೇನೆ ಎಂದು ಹೊರಟಾಗಲೇ ಅದು ಯಾರಿಗೂ ಬೇಡವಾಯಿತು.

ಗಾಂಧಿಬಾಗ್‌ನಲ್ಲಿ ಸೀರೆ ಅಂಗಡಿಯ ಗಲ್ಲೆಯ ಪಕ್ಕದಲ್ಲೂ ಚಹಾ ಟಪರಿಯ ಒಲೆಯ ಪಕ್ಕದಲ್ಲೂ ಈಗ ಒಂದು ಪುಟ್ಟ ಡಬ್ಬಿ ಕೂತಿರುತ್ತದೆ. ದುಡ್ಡು ಜಮಾ ಆದ ಕೂಡಲೇ ಎಷ್ಟೆಂದು ಹಿಂದಿಯಲ್ಲೋ ಮರಾಠಿಯಲ್ಲೋ ಕೂಗಿ ಹೇಳುತ್ತದೆ. ಊರಲ್ಲಾದರೆ ಕನ್ನಡದಲ್ಲಿ. ಅದಕ್ಕೆ ಪರದೆ ಬೇಕಾಗಿಲ್ಲ, ಕಡ್ಡಿ ಬೇಕಾಗಿಲ್ಲ, ಕೈ ಓಲಿಸಿದರೆ ಪುಟ ಮಗುಚುವ ಬೆಡಗೂ ಇಲ್ಲ. ಮಾತಾಡುವ ಬಾಯಿ ಮತ್ತು ಒಳಗೊಂದು ಸಿಮ್, ಎರಡೇ. ಕೊಳ್ಳುವುದಕ್ಕಿಂತ ತಿಂಗಳ ಬಾಡಿಗೆಗೆ ಇಟ್ಟುಕೊಂಡವರೇ ಹೆಚ್ಚು. ಓದದೆ ಕೇಳಿ ತಿಳಿಯುವವನಿಗಾಗಿ ಯಂತ್ರ ಮಾತಾಡಬೇಕು ಎಂಬ ಸಿಂಪ್ಯೂಟರಿನ ತರ್ಕ ಸರಿಯಿತ್ತು ಎನ್ನಲು ನನಗೆ ಸಿಗುವ ಸಾಕ್ಷಿ ಐಫೋನ್ ಅಲ್ಲ, ಈ ಡಬ್ಬಿ.

ಅಮಿಡಾ ಮೂಲೆ ಸೇರಿದರೂ ‘ಧ್ವನಿ’ ಸೇರಲಿಲ್ಲ. ಅದು ಮುಕ್ತ ತಂತ್ರಾಂಶವಾಗಿದ್ದರಿಂದ ಕೇರಳದ ಸಂತೋಷ್ ತೋಟ್ಟಿಂಗಲ್ ಕೈಗೆತ್ತಿಕೊಂಡು ಇನ್ನಷ್ಟು ಭಾರತೀಯ ಭಾಷೆಗಳಿಗೆ ಹೊಂದಿಸಿದರು. ಮೂಲ ಯಂತ್ರವನ್ನು ನೋಡದವರೂ ಅದನ್ನು ತಮ್ಮ ಲಿನಕ್ಸ್ ಕಂಪ್ಯೂಟರಿನಲ್ಲಿ ಹಾಕಿಕೊಂಡು, ಅದೇ ಮಗ್ಗಿಯ ಧಾಟಿಯಲ್ಲಿ ಕನ್ನಡ ಕೇಳಿದ್ದಾರೆ.