ಖಾಲಿ ಅಂಚಿನ ಪರವಾಗಿ

ಜಾಲತಾಣಗಳ ಅಂದಚೆಂದದ ಮಾತು ಬಂದಾಗ ವಿಕಿಪೀಡಿಯದ ಹೆಸರೆತ್ತುವವರು ಕಡಿಮೆ. ವಿನ್ಯಾಸಕ್ಕೆ ಬಹುಮಾನ ಕೊಡುವವರು ಮೆಚ್ಚುವುದು ಪರದೆ ತುಂಬುವ ವಿಡಿಯೊಗಳನ್ನು, ಸ್ಕ್ರೋಲ್ ಮಾಡಿದಂತೆ ತೇಲಿಬರುವ ಚಿತ್ರಗಳನ್ನು. 2023ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯ 'ವೆಕ್ಟರ್ 2022' ಎಂಬ ಹೊಸ ರೂಪ ತಾಳಿದಾಗ ಅದರ ಸಂಪಾದಕರಲ್ಲೇ ಅನೇಕರು ತಿರುಗಿಬಿದ್ದರು; ಹಳೆಯ ರೂಪವನ್ನೇ ಮರಳಿ ತನ್ನಿ ಎಂಬ ಚರ್ಚೆಯೂ ನಡೆಯಿತು. ಆದರೆ ದೊಡ್ಡ ಜಾಲತಾಣವೊಂದು ಓದುವವರ ಕಣ್ಣನ್ನು ಗಮನದಲ್ಲಿಟ್ಟು ಮಾಡಿದ ಕೆಲಸಗಳಲ್ಲಿ ಇದಕ್ಕೆ ಸಮನಾದದ್ದು ವಿರಳ. ಇದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಜಗಳದ ಮೂಲ ಸಾಲಿನ ಉದ್ದ. 2010ರ ವೆಕ್ಟರ್ ರೂಪದಲ್ಲಿ ಪರದೆ ಅಗಲವಾದಷ್ಟೂ ಸಾಲು ಉದ್ದವಾಗುತ್ತಿತ್ತು. ಹೊಸ ರೂಪ ಅದಕ್ಕೊಂದು ಮಿತಿ ಹಾಕಿ ಉಳಿದ ಜಾಗವನ್ನು ಖಾಲಿ ಬಿಟ್ಟಿತು. ಸಾಲು ಮುಗಿದ ಮೇಲೆ ಕಣ್ಣು ಎಡಕ್ಕೆ ಹಿಂದಿರುಗಿ ಮುಂದಿನ ಸಾಲನ್ನು ಹಿಡಿಯಬೇಕು. ದೂರ ಹೆಚ್ಚಿದಷ್ಟೂ ಅದು ತಪ್ಪು ಸಾಲಿಗೆ ಇಳಿಯುತ್ತದೆ, ಓದಿದ್ದನ್ನೇ ಮತ್ತೆ ಓದುತ್ತದೆ. ಮುದ್ರಣದವರು ಇದನ್ನು ಬಹಳ ಹಿಂದೆಯೇ ಬಲ್ಲರು. ಸಾಲಿಗೆ 45ರಿಂದ 75 ಅಕ್ಷರ ಹಿತ ಎಂಬ, ಅಕ್ಷರವಿನ್ಯಾಸದ ಕುರಿತು ಬರೆದ ರಾಬರ್ಟ್ ಬ್ರಿಂಗ್‌ಹರ್ಸ್ಟ್ ಅವರ ಲೆಕ್ಕ ವಿನ್ಯಾಸಕಾರರಿಗೆಲ್ಲ ಗೊತ್ತಿರುವುದೇ. ಆದರೂ "ಇಷ್ಟು ದೊಡ್ಡ ಮಾನಿಟರ್ ಕೊಂಡದ್ದು ಬಿಳಿ ಜಾಗ ನೋಡಲಿಕ್ಕೇ?" ಎಂಬ ಧಾಟಿಯ ಆಕ್ಷೇಪವೇ ಹೆಚ್ಚು ಕೇಳಿಬಂತು. ಪರದೆಯ ಪ್ರತಿ ಅಂಗುಲವೂ ತುಂಬಿರಬೇಕು ಎಂಬ ಈ ಹಟದಲ್ಲಿ ಓದುವವರ ಕಷ್ಟಕ್ಕೆ ಜಾಗವೇ ಇಲ್ಲ. ದಿನಪತ್ರಿಕೆಯ ಹಾಳೆಯೂ ಅಗಲವೇ. ಅದು ಸುದ್ದಿಯನ್ನು ಕಾಲಂಗಳಲ್ಲಿ ಕೊಡುವುದು ಜಾಗ ದಂಡ ಮಾಡಲು ಅಲ್ಲ. ಅಗಲವೇ ಬೇಕೆನ್ನುವವರಿಗೆ ಮಿತಿ ತೆಗೆಯುವ ಆಯ್ಕೆಯೂ ಪುಟದಲ್ಲೇ ಇದೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಜನ ವಿಕಿಪೀಡಿಯಕ್ಕೆ ಬರುವುದು ಮಾಹಿತಿಗೆ, ಅದೂ ಗೂಗಲ್ ಕಳಿಸುವುದರಿಂದ, ವಿನ್ಯಾಸಕ್ಕೆ ಅದರಲ್ಲೇನು ಪಾಲು? ಬರಮಾಡುವುದರಲ್ಲಿ ಪಾಲಿಲ್ಲ ಎಂಬುದನ್ನು ಒಪ್ಪಬಹುದು. ಆದರೆ ಬಂದವರು ಎರಡು ಸಾಲು ಕಣ್ಣಾಡಿಸಿ ಹೊರಡುವುದಕ್ಕೂ ಇಡೀ ಲೇಖನ ಓದುವುದಕ್ಕೂ ಇರುವ ಅಂತರದಲ್ಲಿ ಪುಟದ ಪಾಲು ದೊಡ್ಡದು. ಜಾಲತಾಣದ ಆಕರ್ಷಣೆಯನ್ನು ಮೊದಲ ನೋಟದಲ್ಲೇ ಅಳೆದು ಮುಗಿಸುವ ವಿಮರ್ಶಕರು ಅಲ್ಲಿಯ ಹತ್ತನೆಯ ಪ್ಯಾರಾವನ್ನು ಓದುವುದೇ ಇಲ್ಲ.

ಕನ್ನಡದ ಓದುಗರು ಕೇಳಬೇಕಾದ ಪ್ರಶ್ನೆ ಬೇರೆ: ನಮ್ಮ ಲಿಪಿಗೆ ಸಾಲು ಎಷ್ಟು ಉದ್ದವಿರಬೇಕು? ಸಾಲು 80 ಅಕ್ಷರ ಮೀರದಂತಿರಲಿ, ಚೀನಿ, ಜಪಾನಿ, ಕೊರಿಯನ್ ಲಿಪಿಗಳಲ್ಲಿ 40 ಮೀರದಿರಲಿ ಎನ್ನುತ್ತದೆ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾರ್ಗಸೂಚಿ. ಕನ್ನಡಕ್ಕೆ ಪ್ರತ್ಯೇಕ ಸಂಖ್ಯೆಯಿಲ್ಲ. 'ಸ್ವಾತಂತ್ರ್ಯ' ಎಂಬುದನ್ನೇ ನೋಡಿ. ಓದುವವರಿಗೆ ಅದು ಮೂರು ಅಕ್ಷರ: ಸ್ವಾ, ತಂ, ತ್ರ್ಯ. ಯುನಿಕೋಡ್ ಲೆಕ್ಕದಲ್ಲಿ ಹನ್ನೊಂದು. ಮೊದಲ ಲೆಕ್ಕ ಹಿಡಿದು 80ಕ್ಕೆ ಹೋದರೆ ಸಾಲು ವಿಪರೀತ ಉದ್ದವಾಗುತ್ತದೆ. ಎರಡನೆಯದನ್ನು ಹಿಡಿದರೆ ಪ್ರತ್ಯಯಗಳಿಂದ ಬೆಳೆದ ನಮ್ಮ ಪದಗಳು ಕೆಲವೇ ಕೂರುವಷ್ಟರಲ್ಲಿ ಸಾಲು ಮುಗಿದಿರುತ್ತದೆ. ಅದರ ಮೇಲೆ ಎರಡೂ ಅಂಚು ಸಮ ಮಾಡಹೊರಟರೆ ಪದಗಳ ನಡುವೆ ತೆರಪು ಬಾಯಿಬಿಡುತ್ತದೆ. ಸಾಲುಗಳ ನಡುವಿನ ಅಂತರದ್ದೂ ಇದೇ ಕಥೆ. 'ತ್ರ್ಯ'ದ ಒತ್ತುಗಳು ಕೆಳಗಿಳಿಯುತ್ತವೆ, ಮುಂದಿನ ಸಾಲಿನ ಗುಡಿಸುಗಳು ಮೇಲೇರುತ್ತವೆ. ಇಂಗ್ಲಿಷಿಗೆ ಸಾಕಾದ ಅಂತರದಲ್ಲಿ ಇವೆರಡೂ ಒಂದಕ್ಕೊಂದು ತಾಗಬಹುದು. ವೆಕ್ಟರ್ 2022ರಿಂದ ನಾವು ಪಡೆಯಬೇಕಾದದ್ದು ಅದರ ವಿವೇಕವನ್ನು. ಅಳತೆಗಳನ್ನು ನಮ್ಮ ಲಿಪಿಗೆ ತಕ್ಕಂತೆ ನಾವೇ ಕಂಡುಕೊಳ್ಳಬೇಕು.

ಹೊಸ ರೂಪದ ಒಂದು ತಪ್ಪನ್ನು ಮಾತ್ರ ಕ್ಷಮಿಸಲಾಗದು. ಮೊದಲು ಭಾಷೆಗಳ ಹೆಸರುಗಳು ಎಡಪಟ್ಟಿಯಲ್ಲೇ ಕಾಣುತ್ತಿದ್ದವು. ಅಲ್ಲಿ 'ಕನ್ನಡ' ಎಂದಿದ್ದರೆ ಆ ವಿಷಯ ನಮ್ಮಲ್ಲೂ ಇದೆಯೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಈಗ ಶೀರ್ಷಿಕೆಯ ಪಕ್ಕದ ಗುಂಡಿಯಲ್ಲಿ ಭಾಷೆಗಳ ಸಂಖ್ಯೆಯಷ್ಟೇ ಇದೆ. ಹೆಸರು ನೋಡಲು ಅದನ್ನು ಒತ್ತಬೇಕು. ಸಣ್ಣ ಭಾಷೆಗಳಿಗೆ ಇದು ನಷ್ಟ.

ಕನ್ನಡದ ಜಾಲತಾಣ ಕಟ್ಟುವವರಲ್ಲಿ ಒಂದು ವಿನಂತಿ. ಮಾದರಿ ಪುಟಕ್ಕೆ 'ಲೋರೆಮ್ ಇಪ್ಸಮ್' ಎಂಬ ಅರ್ಥವಿಲ್ಲದ ಪಠ್ಯ ತುಂಬಿ ಒಪ್ಪಿಗೆ ಪಡೆಯಬೇಡಿ. ಒತ್ತಕ್ಷರಗಳಿರುವ ಉದ್ದನೆಯ ಕನ್ನಡ ಲೇಖನವೊಂದನ್ನು ಹಾಕಿ, ಮೊಬೈಲಿನಲ್ಲೂ ಮಾನಿಟರಿನಲ್ಲೂ ಕೊನೆಯವರೆಗೆ ಓದಿ, ಆಮೇಲೆ ಬಣ್ಣ, ಚಿತ್ರಗಳ ಮಾತಾಡಿ.