ಎರೆಹುಳು ಲೋಹವನ್ನು ಅರಗಿಸೀತೇ?

ಎರೆಹುಳುಗಳು ಕೊಳಚೆ ಕೆಸರಿನ ಮಾಲಿನ್ಯವನ್ನೆಲ್ಲ ತಿಂದು ಮುಗಿಸುತ್ತವೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧಸತ್ಯ. ಐಸೀನಿಯಾ ಫೆಟಿಡಾದಂಥ ಹುಳುಗಳು ಸೂಕ್ಷ್ಮಜೀವಿಗಳ ನೆರವಿನಿಂದ ಸಾವಯವ ವಸ್ತುವನ್ನು ವಿಘಟಿಸುತ್ತವೆ, ರೋಗಾಣುಗಳೂ ತಗ್ಗುತ್ತವೆ. ಆದರೆ ಕ್ಯಾಡ್ಮಿಯಂ ಒಂದು ಧಾತು. ಯಾವ ಜೀರ್ಣಕ್ರಿಯೆಯೂ ಅದನ್ನು ಒಡೆಯಲಾರದು. ಅದರ ಸ್ವಲ್ಪ ಭಾಗ ಹುಳುವಿನ ದೇಹದಲ್ಲಿ ಶೇಖರವಾಗುತ್ತದೆ, ಅಷ್ಟೆ.

ಲೆಕ್ಕ ಹಾಕಿ ನೋಡಿ. 100 ಕಿಲೋಗ್ರಾಂ ಒಣ ಕೆಸರಿನಲ್ಲಿ 400 ಮಿಲಿಗ್ರಾಂ ಕ್ಯಾಡ್ಮಿಯಂ ಇದೆಯೆನ್ನೋಣ. ಹುಳುಗಳು 100 ಮಿಲಿಗ್ರಾಂ ಹೀರಿಕೊಂಡವು. ಇಂಗಾಲವು ಅನಿಲವಾಗಿ ಹೋಗಿ, ಉಳಿದ ಗೊಬ್ಬರ 50 ಕಿಲೋಗ್ರಾಂ. ಈಗ ಕಿಲೋಗ್ರಾಂಗೆ 4ರ ಬದಲು 6 ಮಿಲಿಗ್ರಾಂ! ನಮ್ಮ ರಸಗೊಬ್ಬರ ನಿಯಂತ್ರಣ ಆದೇಶವು ಎರೆಗೊಬ್ಬರಕ್ಕೆ ವಿಧಿಸಿರುವ ಮಿತಿ 5. ಆದ್ದರಿಂದ ಗೊಬ್ಬರವನ್ನು ಪರೀಕ್ಷಿಸದೆ ಹೊಲಕ್ಕೆ ಹಾಕಬಾರದು. ಆ ಹುಳುಗಳು ಕೋಳಿ, ಮೀನುಗಳಿಗೆ ಆಹಾರವಾಗಲೂಬಾರದು. ಲೋಹವನ್ನು ಚರಂಡಿ ಸೇರುವ ಮೊದಲೇ ತಡೆಯುವುದು ಸರಿಯಾದ ದಾರಿ.