ಹೇಮಕೂಟದ ‘ಜೈನ ಗುಡಿಗಳು’: ಒಂದು ಹೆಸರಿನ ವಿಮರ್ಶೆ

ಹಂಪಿಯಲ್ಲಿ ವಿಜಯನಗರಕ್ಕಿಂತ ಹಿಂದಿನ ಕಟ್ಟಡಗಳನ್ನು ಕಾಣಬೇಕಾದರೆ ವಿರೂಪಾಕ್ಷನ ಗುಡಿಯ ದಕ್ಷಿಣಕ್ಕಿರುವ ಹೇಮಕೂಟವನ್ನು ಹತ್ತಬೇಕು. ಆ ಬಂಡೆಗಳ ಮೇಲಿನ ಶಿಲಾಮಂದಿರಗಳಾವುವೆಂದು ಬಂಡ್ರಿ, ಸಂಡೂರು ಕಡೆಯ ನಮ್ಮ ವಿದ್ಯಾರ್ಥಿಗಳನ್ನು ಕೇಳಿದರೆ ‘ಜೈನ ಗುಡಿಗಳು’ ಎಂಬ ಉತ್ತರವೇ ಬರುತ್ತದೆ. ತಪ್ಪು ಅವರದಲ್ಲ, ಹಳೆಯ ಕೈಪಿಡಿಗಳಿಂದ ಬಂದ ಹೆಸರದು.

ಈ ಹೆಸರಿಗೆ ಆಧಾರವೇನು? ಮೂರು ಗರ್ಭಗೃಹಗಳ ವಿನ್ಯಾಸ, ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಏರುವ ಶಿಖರ, ಅಲಂಕಾರವಿಲ್ಲದ ಗೋಡೆ, ಇಷ್ಟೇ. ಇವುಗಳಲ್ಲಿ ಒಂದೂ ಮತದ ಗುರುತಲ್ಲ. ಕನ್ನಡನಾಡಿನಲ್ಲಿ ತ್ರಿಕೂಟಗಳನ್ನು ಶೈವರೂ ಕಟ್ಟಿಸಿದರು, ಜೈನರೂ ಕಟ್ಟಿಸಿದರು. ಗೋಡೆಯ ಸರಳತೆಗೆ ಕಾರಣವನ್ನು ಧರ್ಮದಲ್ಲಿ ಹುಡುಕುವುದಕ್ಕಿಂತ ಕಲ್ಲಿನಲ್ಲಿ ಹುಡುಕುವುದು ಲೇಸೆಂದು ನಮಗೆ ತೋರುತ್ತದೆ. ಇಲ್ಲಿಯ ಕಣಶಿಲೆಯು ಹೊಯ್ಸಳರ ಬಳಪದ ಕಲ್ಲಿನಂತೆ ಉಳಿಗೆ ಬಗ್ಗುವಂಥದಲ್ಲ.

ಊಹೆ ಬೇಕಾಗಿಯೂ ಇಲ್ಲ. ಇಲ್ಲಿಯ ಒಂದು ತ್ರಿಕೂಟದ ಶಾಸನವು, ಮುಮ್ಮಡಿ ಸಿಂಗೆಯ ನಾಯಕನ ಮಗನಾದ ಕಂಪಿಲದೇವನು ಈ ಶಿವಾಲಯವನ್ನು ಮಾಡಿಸಿ, ತಂದೆತಾಯಿಗಳೇ ಮೊದಲಾದವರ ಹೆಸರಿನಲ್ಲಿ ಮೂರು ಲಿಂಗಗಳನ್ನು ಪ್ರತಿಷ್ಠಿಸಿದನೆಂದು ತಿಳಿಸುತ್ತದೆ. ಈ ಕಂಪಿಲನೇ 1327ರಲ್ಲಿ ಮಹಮ್ಮದ್ ಬಿನ್ ತುಘಲಕನ ಸೈನ್ಯದೊಡನೆ ಹೋರಾಡಿ ಮಡಿದವನು. ಮಗ ಕುಮಾರರಾಮನನ್ನು ಜನಪದವು ಹಾಡಿ ಉಳಿಸಿಕೊಂಡಿತು. ತಂದೆ ತನ್ನ ಹೆತ್ತವರಿಗೆ ಕಟ್ಟಿಸಿದ ಸ್ಮಾರಕವು ಮಾತ್ರ ಪರರ ಹೆಸರಿನಲ್ಲಿ ನಿಂತಿದೆ.

ಹಂಪಿಯಲ್ಲಿ ಜೈನರ ಕಟ್ಟಡಗಳೇ ಇಲ್ಲವೆಂದು ಯಾರೂ ಇದರಿಂದ ಭಾವಿಸಬಾರದು. ಕಮಲಾಪುರದ ದಾರಿಯಲ್ಲಿರುವ ಗಾಣಗಿತ್ತಿ ಗುಡಿ ನಿಸ್ಸಂದೇಹವಾಗಿ ಜಿನಾಲಯ. ಎರಡನೆಯ ಹರಿಹರನ ದಂಡನಾಯಕನಾದ ಇರುಗನು ಅದನ್ನು ಕುಂಥುಜಿನನಿಗೆ ಕಟ್ಟಿಸಿದನೆಂದು ಎದುರಿನ ಕಂಬದ ಶಾಸನವು ಸಾರುತ್ತದೆ, ಕಾಲ 1385–86. ಅದರ ಶಿಖರವೂ ಮೆಟ್ಟಿಲಿನದೇ. ಅಂದಮೇಲೆ, ಒಂದೇ ಬಗೆಯ ಶಿಖರವು ಕಂಪಿಲನ ಶಿವನಿಗೂ ಇರುಗನ ಜಿನನಿಗೂ ಒದಗಿತು. ವಿನೋದವೆಂದರೆ, ಈ ಜಿನಾಲಯಕ್ಕೂ ಇರುಗನ ಹೆಸರು ನಿಲ್ಲದೆ ಗಾಣಗಿತ್ತಿಯ ಹೆಸರು ಅಂಟಿಕೊಂಡಿತು.

ಇಂಥ ಗೊಂದಲವು ನಮ್ಮಲ್ಲಿ ಮಾತ್ರವೇ ಇರುವುದಲ್ಲ. ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ಹನ್ನೆರಡನೆಯ ಶತಮಾನದ ನಾರ್ಮನ್ ಕಟ್ಟಡವೊಂದನ್ನು ‘ಜಾನ್ ಆಫ್ ಗಾಂಟನ ಲಾಯ’ವೆಂದು ಬಹುಕಾಲ ಕರೆದರು. ಆ ರಾಜಪುತ್ರನು ಹುಟ್ಟಿದ್ದು 1340ರಲ್ಲಿ! ಅಲ್ಲಿಯವರು ಅದನ್ನು ಸೇಂಟ್ ಮೇರಿ ಸಂಘದ ಸಭಾಮಂದಿರವೆಂದು ಗುರುತಿಸಿ, ಹಳೆಯ ಹೆಸರನ್ನು ಐತಿಹ್ಯವೆಂದು ಬದಿಗಿಟ್ಟರು. ಹೇಮಕೂಟದಲ್ಲಿ ಶಾಸನವು ಕಣ್ಣೆದುರಿಗೇ ಇದೆ. ಅದನ್ನು ಓದಿಸುವುದಕ್ಕೆ ಮುಂದಿನ ಪ್ರವಾಸದಲ್ಲಿ ಒಂದು ಗಂಟೆ ಮೀಸಲಿಟ್ಟರೆ ಸಾಕು.